ಕೆಲಸ ಕೈ ಬದಲಾಗುವ ಹೊತ್ತು

ಎಲ್ಲರಿಗೂ ನಮಸ್ಕಾರ.

ಕೆಲಸ ಮಾಡುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅರ್ಧ ಆಗಿರುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಹೇಗೆ ಅಂತ ಹೇಳಿಕೊಡುವವರು ಬಹಳ ಕಡಿಮೆ. ಇವತ್ತು ಅದೊಂದರ ಬಗ್ಗೆಯೇ ಮಾತಾಡುತ್ತೇನೆ.

ಪಾಳಿ ಮುಗಿಯುತ್ತದೆ. ರಜೆ ಬರುತ್ತದೆ. ವರ್ಗ ಆಗುತ್ತದೆ. ಯಾರೋ ಬಿಟ್ಟಿದ್ದನ್ನು ನಾವು ಹಿಡಿಯುತ್ತೇವೆ, ನಾವು ಬಿಟ್ಟಿದ್ದನ್ನು ಇನ್ಯಾರೋ ಹಿಡಿಯುತ್ತಾರೆ. ನಾನು ಕಂಡಂತೆ, ಕೆಲಸ ಕೆಡುವುದು ಜಾಸ್ತಿ ಈ ಸಂದಿಯಲ್ಲೇ. ಒಪ್ಪಿಸುವವರು ಸೋಮಾರಿಗಳಲ್ಲ, ವಹಿಸಿಕೊಳ್ಳುವವರು ದಡ್ಡರೂ ಅಲ್ಲ. ನಡುವೆ ಒಂದು ಮಾತು ಬಿದ್ದುಹೋಗಿರುತ್ತದೆ, ಅಷ್ಟೇ.

ಆ ಒಂದು ಮಾತಿನ ಬೆಲೆ ಎಷ್ಟಾಗಬಹುದು ಅನ್ನುವುದಕ್ಕೆ ಪೈಪರ್ ಆಲ್ಫಾ ಸಾಕು. ಅದು ಸ್ಕಾಟ್ಲೆಂಡಿನ ಆಚೆ ಸಮುದ್ರದಲ್ಲಿದ್ದ, ತೈಲ ಮತ್ತು ಅನಿಲ ತೆಗೆಯುವ ಪ್ಲಾಟ್‌ಫಾರ್ಮ್. 1988ರ ಜುಲೈ 6ರಂದು ಹಗಲು ಪಾಳಿಯವರು ಒಂದು ಪಂಪಿನ ಸುರಕ್ಷತಾ ವಾಲ್ವ್ ಬಿಚ್ಚಿದರು. ಸಂಜೆಯೊಳಗೆ ಅದನ್ನು ಮತ್ತೆ ಕೂರಿಸಲು ಆಗಲಿಲ್ಲ. ಪೈಪಿನ ಬಾಯಿಗೆ ತಾತ್ಕಾಲಿಕವಾಗಿ ಒಂದು ಲೋಹದ ಮುಚ್ಚಳ ಹಾಕಿ ಬಿಟ್ಟರು. ರಾತ್ರಿ ಇನ್ನೊಂದು ಪಂಪ್ ನಿಂತುಹೋಯಿತು. ರಾತ್ರಿ ಪಾಳಿಯವರು ಮೊದಲ ಪಂಪ್ ಚಾಲೂ ಮಾಡಬಹುದೇ ಅಂತ ನೋಡಿದರು. ಪಂಪಿನ ರಿಪೇರಿಯ ಪರ್ಮಿಟ್, ಅಂದರೆ ಆ ಕೆಲಸಕ್ಕೆ ಬರೆದುಕೊಟ್ಟ ಅನುಮತಿ ಚೀಟಿ, ಅವರಿಗೆ ಗೊತ್ತಿತ್ತು. ಆ ರಿಪೇರಿ ಇನ್ನೂ ಶುರುವೇ ಆಗಿರಲಿಲ್ಲ. ವಾಲ್ವ್ ಬಿಚ್ಚಿರುವ ವಿಷಯ ಇದ್ದದ್ದು ಬೇರೆ ಪರ್ಮಿಟ್‌ನಲ್ಲಿ. ಅದು ಅವರಿಗೆ ತಲುಪಿರಲಿಲ್ಲ. ಪಂಪ್ ಚಾಲೂ ಮಾಡಿದರು. ಮುಚ್ಚಳದ ಬಳಿ ಸೋರಿಕೆ ಆಯಿತು, ಸ್ಫೋಟವಾಯಿತು, ಬೆಂಕಿ ಎಲ್ಲ ಕಡೆ ಹಬ್ಬಿತು. 167 ಜನ ಸತ್ತರು. ಆಮೇಲೆ ನಡೆದ ತನಿಖೆ 1990ರಲ್ಲಿ ವರದಿ ಕೊಟ್ಟಿತು. ಅಷ್ಟು ಜನ ಸತ್ತದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಶುರುವಾದದ್ದು ಪಾಳಿ ಬದಲಾಗುವಾಗ ಹೇಳದೆ ಉಳಿದ ಸಂಗತಿಯಿಂದ.

ಯಾಕೆ ಹೇಳದೆ ಉಳಿಯುತ್ತದೆ? ಇಡೀ ದಿನ ಒಂದು ಕೆಲಸದೊಳಗೆ ಮುಳುಗಿದವರಿಗೆ ಅದರ ವಿವರವೆಲ್ಲ ಕಣ್ಣಿಗೆ ಕಟ್ಟಿದಂತಿರುತ್ತದೆ. 'ಇದು ಅವರಿಗೆ ಗೊತ್ತೇ ಇರುತ್ತೆ' ಅನ್ನಿಸುತ್ತದೆ. ಮನೆಗೆ ಹೊರಡುವ ಅವಸರ ಬೇರೆ. 1999ರಲ್ಲಿ ನಾಸಾದ ಒಂದು ನೌಕೆ ಮಂಗಳ ಗ್ರಹದವರೆಗೂ ಹೋಗಿ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ತಳ್ಳುವ ಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಅನ್ನುವ ಬೇರೆ ಅಳತೆಯ ಲೆಕ್ಕ ಅಂತ ತೆಗೆದುಕೊಂಡಿತು. ಅಷ್ಟು ಓದಿದವರ ನಡುವೆಯೂ ಹೀಗಾಗುತ್ತದೆ ಅಂದರೆ ನಮ್ಮ ನಿಮ್ಮ ನಡುವೆ ಆಗುವುದಿಲ್ವಾ?

ಈ ವಿಷಯದಲ್ಲಿ ನನಗೆ ಪಾಠ ಹೇಳಿದವಳು ನನ್ನ ತಂಗಿ. ಅಮ್ಮ ಹಾಸಿಗೆ ಹಿಡಿದಾಗ ನಾವು ಮಕ್ಕಳು ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದೆವು. ತಂಗಿ ಒಂದು ನೋಟ್‌ಬುಕ್ ಇಟ್ಟಳು. ನಾವೆಲ್ಲ ಅದರಲ್ಲಿ ಏನು ಮಾಡಿದೆವು ಅಂತ ಬರೆಯುತ್ತಿದ್ದೆವು. ಅವಳು ಮಾತ್ರ ಏನು ಮಾಡಿಲ್ಲ ಅನ್ನುವುದನ್ನು ಮೊದಲು ಬರೆಯುತ್ತಿದ್ದಳು. 'ರಾತ್ರಿ ಮಾತ್ರೆ ಕೊಟ್ಟಿಲ್ಲ ಅಣ್ಣ. ಅಮ್ಮ ಮಲಗಿದ್ದಾಳೆ. ಎದ್ದ ಮೇಲೆ ಕೊಡು.' ಇಷ್ಟೇ. ಆದರೆ ನೋಡಿ, ಇದರಲ್ಲಿ ಬಾಕಿ ಏನು, ಯಾಕೆ ಬಾಕಿ, ಮುಂದೇನು, ಎಲ್ಲವೂ ಇದೆ. ಮಾಡಿದ ಕೆಲಸ ಹೇಗೋ ಕಣ್ಣಿಗೆ ಬೀಳುತ್ತದೆ. ಮಾಡದೇ ಇದ್ದದ್ದನ್ನು ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗುವುದು. ಅವತ್ತಿನಿಂದ ಆಫೀಸಿನಲ್ಲೂ ನನ್ನ ಟಿಪ್ಪಣಿಯ ಮೊದಲ ಸಾಲು ಬಾಕಿ ಕೆಲಸದ್ದೇ.

ವಹಿಸಿಕೊಳ್ಳುವವರ ಪಾಲೂ ಇದೆ. ಸುಮ್ನೆ ತಲೆಯಾಡಿಸಿದರೆ ಸಾಲದು. ಅಮೆರಿಕ ಮತ್ತು ಕೆನಡಾದ 9 ಆಸ್ಪತ್ರೆಗಳ ಮಕ್ಕಳ ವಿಭಾಗಗಳಲ್ಲಿ, ಕಿರಿಯ ವೈದ್ಯರು ಪಾಳಿ ಬದಲಿಸುವಾಗ ರೋಗಿಯ ವಿಷಯ ಹೇಗೆ ಒಪ್ಪಿಸಬೇಕು ಅನ್ನುವುದಕ್ಕೆ ಒಂದು ಕ್ರಮ ತಂದು ನೋಡಿದರು. ಅದರ ಕೊನೆಯ ಹಂತದಲ್ಲಿ ಕೇಳಿಸಿಕೊಂಡವರು ತಮಗೆ ಅರ್ಥವಾದದ್ದನ್ನು ತಿರುಗಿ ಹೇಳಬೇಕು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಡೆಯಬಹುದಾಗಿದ್ದ ಹಾನಿ ಶೇ. 30ರಷ್ಟು ಕಡಿಮೆಯಾಗಿತ್ತು. ಅದಕ್ಕಾಗಿ ಹೊಸ ಔಷಧಿ ಏನೂ ಬೇಕಾಗಲಿಲ್ಲ. ತಿರುಗಿ ಹೇಳಿ ಅಂದರೆ ಕೆಲವರಿಗೆ ಅವಮಾನ ಅನ್ನಿಸುತ್ತದೆ, ಪರೀಕ್ಷೆ ಮಾಡುತ್ತಿದ್ದಾರೆ ಅಂತ. ಅದಕ್ಕೆ ನಾನು ವಹಿಸಿಕೊಳ್ಳುವಾಗ ನಾನಾಗಿಯೇ ಹೇಳುತ್ತೇನೆ: 'ನನಗೆ ಅರ್ಥವಾದದ್ದು ಇಷ್ಟು, ಸರಿ ಇದೆಯಾ?' ಆಗ ಯಾರ ಮರ್ಯಾದೆಗೂ ಧಕ್ಕೆ ಇಲ್ಲ.

ಇಲ್ಲಿ ಕುಳಿತವರಲ್ಲಿ ಪಾಳಿ ಹಾಕುವವರು, ರಜೆ ಮಂಜೂರು ಮಾಡುವವರು ಇದ್ದೀರಿ. ನಿಮ್ಮಲ್ಲಿ ಒಂದು ಬೇಡಿಕೆ. ಒಬ್ಬರು ಹೊರಡುವ ನಿಮಿಷಕ್ಕೇ ಇನ್ನೊಬ್ಬರು ಬರುವಂತೆ ಪಾಳಿ ಹಾಕಬೇಡಿ. ಇಬ್ಬರೂ ಒಟ್ಟಿಗೆ ನಿಂತು ಮಾತಾಡಲು ಕಾಲು ಗಂಟೆ ಕೊಡಿ. ಆ ಕಾಲು ಗಂಟೆಗೂ ಸಂಬಳ ಕೊಡಿ.