ಹೆಲಿಕಾಪ್ಟರಿನ ಸ್ವಿಚ್ಚುಗಳು ಮತ್ತು ಜಾರಿಬಿದ್ದ ನಟ್ಟು

ಹೆಲಿಕಾಪ್ಟರಿನ ಸ್ವಿಚ್ಚುಗಳು ಕೂರುವ ಪ್ಯಾನಲ್ಲಿಗೆ ತೂತು ಕೊರೆಯುವುದನ್ನು ಈ ವಿಡಿಯೊದಲ್ಲಿ ವೇಗವಾಗಿ ಓಡಿಸಿದ್ದೇನೆ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ದೊಡ್ಡ ತೂತು 15/32 ಇಂಚು, ಟಾಗಲ್ ಸ್ವಿಚ್ಚಿನ (ಹಿಡಿಯನ್ನು ಮೇಲೆ ಕೆಳಗೆ ಮಾಡುವಂಥದ್ದು) ಕುತ್ತಿಗೆಗೆ. ಪಕ್ಕದಲ್ಲಿ ಚುಕ್ಕಿಯಂತೆ ಕಾಣುವ ಇನ್ನೊಂದು ತೂತು ವಾಷರಿನ ನಾಲಿಗೆಗೆ. ಆ ನಾಲಿಗೆ ಸಿಕ್ಕಿಕೊಂಡಿರದಿದ್ದರೆ ರೋಟರಿನ ನಡುಕಕ್ಕೆ ಸ್ವಿಚ್ಚು ತಾನಾಗಿಯೇ ತಿರುಗಿ ಹಿಂದಿನ ತಂತಿಗಳನ್ನೆಲ್ಲ ಹುರಿಗೊಳಿಸುತ್ತದೆ.

ಹೊಸಬರಿಗೆ ಒಂದು ಮಾತು. ಇದು ಸಫಾರಿ 400, ಇಬ್ಬರು ಕೂರುವ ಕಿಟ್ ಹೆಲಿಕಾಪ್ಟರ್. ಹಿಂದೆ ಕಾಣುತ್ತಿರುವುದು ಲೈಕಮಿಂಗ್ ಓ-360 ಎಂಜಿನ್, 180 ಅಶ್ವಶಕ್ತಿ. "ಯಾರಾದರೂ ಎಲೆಕ್ಟ್ರಿಷಿಯನ್ನನ್ನು ಕರೆಯಬಾರದೇ?" ಎಂದು ಊರಿನಿಂದ ಮತ್ತೆ ಮತ್ತೆ ಕೇಳುತ್ತಾರೆ. ಇಲ್ಲಿ ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನ ಎಂದು ಪರವಾನಗಿ ಸಿಗಬೇಕಾದರೆ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಗಳೇ, ತಮ್ಮ ಕಲಿಕೆಗೋ ಖುಷಿಗೋ ಮಾಡಿರಬೇಕು. ಸದ್ಯಕ್ಕೆ ಕಲಿಕೆ ನಡೆಯುತ್ತಿದೆ, ಖುಷಿ ಇನ್ನೂ ಬಂದಿಲ್ಲ.

ಏಕೆ ಬಂದಿಲ್ಲ ಎಂದರೆ, ಇದೋ ಈ ದೃಶ್ಯ. ಲ್ಯಾಂಡಿಂಗ್ ಲೈಟಿನ ಸ್ವಿಚ್ಚು ಕೂರಿಸುವಾಗ ನಟ್ಟು ಬೆರಳಿನಿಂದ ಜಾರಿತು. ಟಿಣ್ ಎಂದಿತು, ಇನ್ನೆಲ್ಲೋ ಇನ್ನೊಮ್ಮೆ ಟಿಣ್ ಎಂದಿತು, ಅಷ್ಟೇ. ಕಾರಿನಲ್ಲಾಗಿದ್ದರೆ ಹಾಳಾಗಿ ಹೋಗಲಿ ಎಂದು ಇನ್ನೊಂದು ನಟ್ಟು ಹಾಕುತ್ತಿದ್ದೆ. ಇಲ್ಲಿ ಪ್ಯಾನಲ್ಲಿನ ಕೆಳಗೇ ಪೆಡಲುಗಳಿವೆ, ಅವು ಬಾಲದ ರೋಟರನ್ನು ಆಳುತ್ತವೆ. ಉಗುರಿನಷ್ಟು ನಟ್ಟು ಅಲ್ಲೆಲ್ಲಾದರೂ ಸಿಕ್ಕಿಕೊಂಡು, ಗಾಳಿಯಲ್ಲಿ ನಿಂತಿರುವಾಗ ಎಡಪೆಡಲು ಅರ್ಧಕ್ಕೇ ನಿಂತರೆ? ಆದ್ದರಿಂದ ಅದು ಕೈಗೆ ಸಿಗುವ ತನಕ ಬೇರೆ ಕೆಲಸವೇ ಇಲ್ಲ.

ಆಯಸ್ಕಾಂತದ ಕಡ್ಡಿ ತಂದೆ. ಈ ಕಡ್ಡಿಯ ಮೇಲೆ ನನಗೆ ಅಪಾರ ನಂಬಿಕೆಯಿತ್ತು. ಆದರೆ ನಟ್ಟು ಹೊಳೆಯುವುದು ಮೇಲಿನ ಲೇಪದಿಂದ, ಒಳಗೆಲ್ಲ ಹಿತ್ತಾಳೆ, ಆಯಸ್ಕಾಂತಕ್ಕೆ ಅದು ಕ್ಯಾರೇ ಎನ್ನುವುದಿಲ್ಲ. ಈ ಯಂತ್ರದ ಎಲುಬುಗೂಡು ಮಾತ್ರ ಪೂರ್ತಿ ಉಕ್ಕಿನ ಕೊಳವೆ! ಕಡ್ಡಿ ಒಳಗೆ ಹೋದದ್ದೇ ತಡ, ಒಂದು ಕೊಳವೆಗೆ ಅಂಟಿತು. ಕಿತ್ತೆ, ಪಕ್ಕದ ಕೊಳವೆಗೆ ಅಂಟಿತು. ಅಮ್ಮ ಟಾರ್ಚ್ ಹಿಡಿದು, "ಅದು ನಟ್ಟು ಹುಡುಕುತ್ತಿದೆಯೋ, ನೀನು ಅದನ್ನು ಹುಡುಕುತ್ತಿದ್ದೀಯೋ?" ಎಂದರು. ಕೊನೆಗೆ ಹಳೆಯ ಕಾಲುಚೀಲವನ್ನು ವ್ಯಾಕ್ಯೂಮ್ ಕ್ಲೀನರಿನ ಮೂತಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿದು ಮೂಲೆಮೂಲೆಗೂ ಹಿಡಿದೆವು. ಪಟ್ ಎಂದು ಬಂದು ಬಟ್ಟೆಗೆ ಕಚ್ಚಿಕೊಂಡಿತು, ಜೊತೆಗೆ ಒಂದಿಷ್ಟು ಅಲ್ಯೂಮಿನಿಯಂ ಪುಡಿಯೂ. ಆಯಸ್ಕಾಂತದ ಕಡ್ಡಿ ಬೇಕಾದವರು ಹೇಳಿ, ಪುಕ್ಕಟೆ ಕೊಡುತ್ತೇನೆ.

ಸರಿ, ತಂತಿ. ಬಿಳಿಯಾಗಿ ಕಾಣುವುದು ಟೆಫ್ಜೆಲ್ ಎಂಬ ಪ್ಲಾಸ್ಟಿಕ್ಕಿನ ಹೊದಿಕೆಯದು, 150 ಡಿಗ್ರಿ ಸೆಲ್ಸಿಯಸ್ ತಡೆಯುತ್ತದೆ. ಮನೆಗೆ ಹಾಕುವ ಪಿವಿಸಿ ತಂತಿ ಅಗ್ಗ, ಆದರೆ ಹೊತ್ತಿಕೊಂಡರೆ ಅದರ ಹೊಗೆಯಲ್ಲಿ ಉಸಿರಾಡಲಾಗದು, ಅದೂ ಇಷ್ಟು ಪುಟ್ಟ ಕ್ಯಾಬಿನ್ನಿನಲ್ಲಿ. ತುದಿಗಳಿಗೆ ಬೆಸುಗೆ ಇಲ್ಲ, ಎಲ್ಲವೂ ಕ್ರಿಂಪ್, ಅಂದರೆ ಲೋಹದ ತುದಿಯನ್ನು ತಂತಿಯ ಮೇಲೆ ಒತ್ತಿ ಕಚ್ಚಿಸುವುದು. ಬೆಸುಗೆಯ ಸೀಸ ಎಳೆಗಳ ನಡುವೆ ಮೇಲೇರಿ ತಂತಿಯನ್ನು ಕಡ್ಡಿಯಂತೆ ಬಿರುಸಾಗಿಸುತ್ತದೆ. ನಡುಕ ಅಲ್ಲಿಗೇ ಬಂದು ಮುರಿಯುತ್ತದೆ. ಬೆಸುಗೆ ಕೂಡದೇ ಕೂಡದು ಎಂದಲ್ಲ, ಹಿಂದೆ ಭದ್ರವಾದ ಆಸರೆ ಕೊಟ್ಟರೆ ನಡೆಯುತ್ತದೆ. ನಾನು ಮಾಡುವುದಿಲ್ಲ, ಅಷ್ಟೇ.

ತಂತಿಗಳನ್ನು ಒಟ್ಟು ಸೇರಿಸುವ ಕಟ್ಟುಗಳ ವಿಷಯ. ಪ್ಲಾಸ್ಟಿಕ್ ಪಟ್ಟಿ ಸಾಕು ಎಂದು ಹಿಂದಿನ ಕಂತಿನಲ್ಲಿ ಹೇಳಿದ್ದೆ. ಈಗ ಹಾಗನ್ನಿಸುವುದಿಲ್ಲ: ಅದರ ಕತ್ತರಿಸಿದ ತುದಿ ಬ್ಲೇಡಿನಂತೆ ಮುಂಗೈ ಗೀರುತ್ತದೆ. ಮೇಣ ಸವರಿದ ದಾರದಲ್ಲಿ ಗಂಟು ಹಾಕುತ್ತಾ ಹೋಗುವುದೇ ಚೆನ್ನ. ಅಮ್ಮ ನೋಡಿ, ಮಲ್ಲಿಗೆ ಕಟ್ಟಿದ ಹಾಗೆಯೇ ಇದೆಯಲ್ಲ ಎಂದು ದಾರ ಕಸಿದುಕೊಂಡರು. ಎಡಗಡೆಯ ಈ ಒಪ್ಪವಾದ ಕಟ್ಟು ಅವರದ್ದು.

ಟಾಗಲ್ ಸ್ವಿಚ್ಚಿನಲ್ಲಿ ಒಂದು ಮೋಜು ಇದೆ. ಹಿಡಿ ಮೇಲಕ್ಕಿದ್ದಾಗ ಕೂಡಿಕೊಳ್ಳುವುದು ಹಿಂಬದಿಯಲ್ಲಿ ತಂತಿ ಹಾಕುವ ನಡುವಿನ ಮತ್ತು ಕೆಳಗಿನ ತುದಿಗಳು. ಒಳಗಿನ ತೊಟ್ಟಿಲು ಉಲ್ಟಾ ವಾಲುತ್ತದೆ. ಇಲ್ಲಿ ಮೇಲಕ್ಕೆತ್ತಿದರೆ ಆನ್. ನಮ್ಮೂರಿನ ಗೋಡೆಯಲ್ಲಿ ಕೆಳಕ್ಕೆ ಒತ್ತಿದರೆ ಆನ್. ಅಮ್ಮ ಇಂದಿಗೂ ಇಲ್ಲಿನ ಬಚ್ಚಲಿನ ದೀಪವನ್ನು ಹಾಕಲು ಹೋಗಿ ಆರಿಸುತ್ತಾರೆ.

ಲ್ಯಾಂಡಿಂಗ್ ಲೈಟಿಗೆ ಎಲ್‌ಇಡಿ ಹಾಕುತ್ತಿದ್ದೇನೆ. ಹಳೆಯ ಬಗೆಯ 100 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು 8 ಆಂಪಿಯರ್ ಮಾತ್ರ, ಆದರೆ ತಂತು ತಣ್ಣಗಿರುವಾಗ ಕ್ಷಣಮಾತ್ರಕ್ಕೆ ಹಲವು ಪಟ್ಟು ಹೆಚ್ಚು ನುಂಗುತ್ತದೆ. ಹೀಗಾಗಿಯೇ ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎಯ 43.13-1ಬಿ ಕೈಪಿಡಿ 12 ವೋಲ್ಟಿನ ಬಲ್ಬಿಗೆ ಐದು ಪಟ್ಟು ತಾಕತ್ತಿನ ಸ್ವಿಚ್ಚು ಹಾಕಿ ಎನ್ನುತ್ತದೆ. 40 ಆಂಪಿಯರಿನ ಸ್ವಿಚ್ಚು ಯಾರಿಗೆ ಬೇಕು?

ಕೊನೆಯದು ಮ್ಯಾಗ್ನೆಟೊ, ಎಂಜಿನ್ನಿಗೆ ಕಿಡಿ ಕೊಡುವ ಸಾಧನ. ಇದೊಂದನ್ನು ಗಮನವಿಟ್ಟು ನೋಡಿ. ಮೀಟರಿನ ಒಂದು ಕಡ್ಡಿ ಚೌಕಟ್ಟಿಗೆ, ಇನ್ನೊಂದು ಮ್ಯಾಗ್ನೆಟೊಗೆ ಹೋಗುವ ತಂತಿಗೆ. ಎರಡರ ನಡುವೆ ದಾರಿ ಕೂಡಿದ್ದರೆ ಮೀಟರು ಕೀಂ ಎನ್ನುತ್ತದೆ. ಸ್ವಿಚ್ಚು ಆಫ್: ಕೀಂ. ಆನ್: ಸದ್ದಿಲ್ಲ. "ಸ್ವಿಚ್ಚು ಕೆಟ್ಟಿದೆಯೇನೋ, ಬದಲಾಯಿಸು" ಎಂದು ಅಮ್ಮ. ಇಲ್ಲ, ಇದು ಇರಬೇಕಾದದ್ದೇ ಹೀಗೆ. ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ, ಎಂಜಿನ್ ತಿರುಗಿದರೆ ತಾನೇ ಕಿಡಿ ಹುಟ್ಟಿಸುತ್ತದೆ. ಅದನ್ನು ಸುಮ್ಮನಾಗಿಸಲು ಇರುವ ದಾರಿ ಚೌಕಟ್ಟಿಗೆ ಸೇರಿಸಿಬಿಡುವುದು. ಅಂದರೆ ಈ ತಂತಿ ತುಂಡಾದರೆ ಎಂಜಿನ್ ನಿಲ್ಲುವುದಿಲ್ಲ. ಬದಲಿಗೆ ಸ್ವಿಚ್ಚು ಆಫ್ ತೋರಿಸುತ್ತಿದ್ದರೂ ಕೈಯಲ್ಲಿ ತಿರುಗಿಸಿದವರಿಗೆ ಎಂಜಿನ್ ಹೊತ್ತಿಕೊಳ್ಳಬಹುದು. ಆದ್ದರಿಂದ ಇದೊಂದಕ್ಕೆ ಎರಡು ಕಡೆ ಆಸರೆ ಕೊಟ್ಟಿದ್ದೇನೆ. ಮೇಲಿನ ಲೋಹದ ಜಾಲರಿ ರೇಡಿಯೊದಲ್ಲಿ ಗರಗರ ಬಾರದಿರಲಿ ಎಂದು.

ಲೇಬಲ್ಲುಗಳನ್ನು ಕನ್ನಡದಲ್ಲಿ ಹಾಕಿ ಎಂದು ಕೆಲವರು ಬರೆದಿದ್ದೀರಿ. ತಪಾಸಣೆಗೆ ಬರುವವರಿಗೂ ಓದಲು ಬರಬೇಕಲ್ಲ! ನಕ್ಷೆ ಓದುವ ಪುಟ್ಟ ದೀಪಕ್ಕೆ ಮಾತ್ರ ಎರಡೂ ಭಾಷೆಯಲ್ಲಿ ಹಾಕಬಹುದೇನೋ, ನೋಡೋಣ. ಗ್ಯಾರೇಜಿನ ಬಾಗಿಲು ತೆರೆದಿದೆ, ಸೊಳ್ಳೆ ನುಗ್ಗುತ್ತಿವೆ, ಇಲ್ಲಿಗೆ ನಿಲ್ಲಿಸುತ್ತೇನೆ.