ಆನೆ ಕಾಸೊಂದೇ ಸಾಕು ಅನ್ನೋ ಹಠ

ನಮಸ್ಕಾರ. ಇವತ್ತಿನ ಮಾತು ನಾಣ್ಯ ಮಾರೋ ಸ್ನೇಹಿತರಿಗೆ ಅಷ್ಟಾಗಿ ರುಚಿಸಲಿಕ್ಕಿಲ್ಲ. ಪರವಾಗಿಲ್ಲ, ಹೇಳಿಬಿಡ್ತೀನಿ: ನಾಣ್ಯ ಕೂಡಿಡೋರು ಕಂಡದ್ದನ್ನೆಲ್ಲ ಕೊಳ್ಳದೆ ಒಂದೇ ಜಾತಿಯ ನಾಣ್ಯದ ಹಿಂದೆ ಬೀಳಿ.

ರಾತ್ರಿ ಊಟ ಆದಮೇಲೆ ಯಾವುದಾದ್ರೂ ನಾಣ್ಯದ ವಾಟ್ಸಾಪ್ ಗ್ರೂಪ್ ತೆಗೆದು ನೋಡಿ. ಹರಾಜಿಗೆ ಅಂತ ಒಂದು ನಾಣ್ಯದ ಫೋಟೊ ಬೀಳುತ್ತೆ. ಕೆಳಗೆ 'ಬೇಸ್ 300, ಐದು ನಿಮಿಷ'. ಯಾರೋ 350 ಅಂತಾರೆ, ಇನ್ಯಾರೋ 400. ಆ ನಾಣ್ಯ ನಿಮಗೆ ಬೇಕಿತ್ತಾ? ಸ್ವಲ್ಪ ಹೊತ್ತಿನ ಹಿಂದೆ ಅಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ. ಆದ್ರೂ ಬೆರಳು 450 ಅಂತ ಒತ್ತಿರುತ್ತೆ, ಯಾಕಂದ್ರೆ ಟೈಮ್ ಮುಗೀತಾ ಇದೆ. ಗೆದ್ದವರಿಗೆ ಚಪ್ಪಾಳೆ ಇಮೋಜಿ ಬೇರೆ! ಅದೇ ನಾಣ್ಯ ಮುಂದಿನ ವಾರ ಇನ್ನೊಂದು ಗ್ರೂಪಲ್ಲಿ ಬರುತ್ತೆ. ಕೊರತೆ ಇದ್ದದ್ದು ಆ ಐದು ನಿಮಿಷಕ್ಕೆ ಮಾತ್ರ.

ಇದಕ್ಕೆ ಎಲ್ಲರೂ ಕೊಡೋ ಸಲಹೆ, ತಿಂಗಳಿಗಿಷ್ಟು ಅಂತ ಬಜೆಟ್ ಇಟ್ಕೊಳ್ಳಿ ಅನ್ನೋದು. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಬಜೆಟ್ ಇಟ್ಟವನು ಬಜೆಟ್ಟಿನೊಳಗೇ ಕಂಡಕಂಡದ್ದನ್ನೆಲ್ಲ ಕೊಂಡು ತರ್ತಾನೆ. ನಾವು ಆತುರಪಡೋದು ತಿಳಿವಳಿಕೆ ಸಾಲದ ಕಡೆ. ಯಾವ ವಿಷಯದಲ್ಲಿ ಮಾರೋವನಿಗಿಂತ ಒಂದು ಕೈ ಹೆಚ್ಚು ಗೊತ್ತಿರುತ್ತೋ, ಅಲ್ಲಿ ಯಾರೂ ನಮ್ಮನ್ನ ಓಡಿಸೋಕೆ ಆಗಲ್ಲ.

ಟಿಪ್ಪು ಸುಲ್ತಾನನ ತಾಮ್ರದ ಕಾಸನ್ನೇ ತಗೊಳ್ಳಿ, ನಮ್ಮ ಕಡೆಯವರು ಆನೆ ಕಾಸು ಅಂತಾರಲ್ಲ, ಅದು. ಮೇಲ್ನೋಟಕ್ಕೆ ಒಂದು ಕಡೆ ಆನೆ, ಇನ್ನೊಂದು ಕಡೆ ಪಾರಸಿ ಬರಹ, ಎಲ್ಲ ಒಂದೇ ಥರ. ಲೂಪ್, ಅಂದ್ರೆ ಸಣ್ಣ ಭೂತಗನ್ನಡಿ, ಹಿಡಿದು ನೋಡಿ. ಆನೆ ಎಡಕ್ಕೆ ಹೊರಟಿದೆಯೋ ಬಲಕ್ಕೋ? ಕೆಲವು ಕೊನೇ ವರ್ಷಗಳ ಕಾಸಿನಲ್ಲಿ ಆನೆ ಮೇಲೆ ಒಂದು ಒಂಟಿ ಅಕ್ಷರ ಇರುತ್ತೆ, ಇದರಲ್ಲಿ ಇದೆಯಾ? ಆಮೇಲೆ ಇಸವಿ. ಟಿಪ್ಪು ತನ್ನ ಆಳ್ವಿಕೆಯ ಐದನೇ ವರ್ಷದಿಂದ ಮೌಲೂದಿ ಅನ್ನೋ ತನ್ನದೇ ಇಸವಿ ಲೆಕ್ಕ ತಂದ, ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1218 ಇದ್ದದ್ದು ನಮ್ಮ ಕಣ್ಣಿಗೆ 8121 ಥರ ಕಾಣುತ್ತೆ. ಇದು ಗೊತ್ತಿಲ್ಲದ ಎಷ್ಟೋ ಜನ 'ತಪ್ಪು ಮುದ್ರಣದ ಅಪರೂಪದ ನಾಣ್ಯ' ಅಂತ ಬೆಲೆ ಏರಿಸ್ತಾರೆ! ಇನ್ನು ಟಂಕಸಾಲೆ, ಅಂದ್ರೆ ಕಾಸು ಅಚ್ಚಾದ ಊರು; ಅದರ ಹೆಸರು ಆ ಪಾರಸಿ ಬರಹದಲ್ಲೇ ಇರುತ್ತೆ. ಪಟ್ಟಣ ಅಂದ್ರೆ ಶ್ರೀರಂಗಪಟ್ಟಣ, ಅದು ಧಾರಾಳವಾಗಿ ಸಿಗುತ್ತೆ. ನಗರ ಅಂದ್ರೆ ಬಿದನೂರು. ಫರ್ರುಖ್‌ಯಾಬ್ ಹಿಸಾರ್ ಅಂತಿದ್ರೆ ನಮ್ಮ ಚಿತ್ರದುರ್ಗ. ಫೈಜ್ ಹಿಸಾರ್ ಅಂದ್ರೆ ಆಂಧ್ರದ ಗುತ್ತಿ. ಪಾರಸಿ ಓದೋಕೆ ಬರಬೇಕಿಲ್ಲ, ಈ ಹೆಸರುಗಳ ಆಕಾರ ಗುರುತು ಸಿಕ್ಕರೆ ಆಯ್ತು. ಹೆಂಡರ್ಸನ್ ಅನ್ನೋರು ಹೈದರ್, ಟಿಪ್ಪು ನಾಣ್ಯಗಳ ಕ್ಯಾಟಲಾಗನ್ನ 1921ರಲ್ಲೇ ಮಾಡಿಟ್ಟಿದ್ದಾರೆ.

ಟಿಪ್ಪು 1799ರಲ್ಲಿ ಹೋದ, ಆನೆ ಹೋಗಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಅದೇ ಆನೆ, ಮೇಲೆ ಕನ್ನಡದ 'ಶ್ರೀ', ಅಕ್ಕಪಕ್ಕ ಸೂರ್ಯ ಚಂದ್ರ. ಆಮೇಲೆ ಆನೆ ಜಾಗಕ್ಕೆ ಸಿಂಹ ಬಂತು, ಒಂದೇ ಕಾಸಿನ ಮೇಲೆ ಕನ್ನಡ, ಇಂಗ್ಲಿಷ್, ಪಾರಸಿ ಮೂರೂ ಸೇರಿದವು. ಇಷ್ಟು ದಾರಿ ಒಂದು ಆನೆ ಹಿಂದೆ ಹೋದ್ರೆ ಸಿಗುತ್ತೆ. ಒಂದು ಕೆನಡಾ, ಒಂದು ಮೊಘಲ್, ಒಂದು ನೇಪಾಳ ಅಂತ ಡಬ್ಬಿ ತುಂಬಿಸಿದವನಿಗೆ ಡಬ್ಬಿಯ ತೂಕ ಗೊತ್ತಿರುತ್ತೆ, ಅಷ್ಟೇ.

ಹೀಗೆ ಒಂದೇ ಜಾತಿಯ ನಾಣ್ಯ ನೂರಾರು ಬಾರಿ ಕಣ್ಣಿಗೆ ಬಿದ್ದಾಗ ಇನ್ನೊಂದು ಲಾಭ ಇದೆ. ಯಾರೋ ಹುಣಸೆಹಣ್ಣು ಹಾಕಿ ದೇವರ ತಂಬಿಗೆ ಥರ ತಿಕ್ಕಿಟ್ಟ ಕಾಸು ದೂರದಿಂದಲೇ ತಿಳಿಯುತ್ತೆ. ಇನ್ನೂರು ವರ್ಷದ ತಾಮ್ರ ಹೊಸ ಪೈಸೆ ಹಾಗೆ ಕೆಂಪಗೆ ಹೊಳೀತಾ ಇದ್ರೆ ಅದರ ಮೈಮೇಲೆ ವರ್ಷಗಟ್ಟಲೆ ಕಟ್ಟಿದ ಪದರ ಹೋಯ್ತು, ಮತ್ತೆ ಬರಲ್ಲ. ಫೋಟೊದಲ್ಲಿ ಮಾತ್ರ ಅದೇ ಎಲ್ಲಕ್ಕಿಂತ ಚಂದ ಕಾಣೋದು. ಆತುರದಲ್ಲಿರೋರು ಅದಕ್ಕೇ ಬೀಳೋದು.

ಸ್ಮಾರಕ ನಾಣ್ಯಗಳ ಕಥೆ ಬೇರೆ. 2023ರ ಏಪ್ರಿಲ್‌ನಲ್ಲಿ ಮನ್ ಕೀ ಬಾತ್ ನೂರನೇ ಕಂತಿಗೆ 100 ರೂಪಾಯಿ ನಾಣ್ಯ, ಮೇ ತಿಂಗಳಲ್ಲಿ ಹೊಸ ಸಂಸತ್ ಭವನಕ್ಕೆ 75 ರೂಪಾಯಿ ನಾಣ್ಯ. ಎರಡೂ 35 ಗ್ರಾಂ, ಅರ್ಧದಷ್ಟು ಬೆಳ್ಳಿ. ಮುಖಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಕೊಟ್ಟು ತರಬೇಕು, ಚಲಾವಣೆಗಂತೂ ಬರಲ್ಲ. ಒಂದು ತಪ್ಪಿದ್ರೆ ಸೆಟ್ ಅಪೂರ್ಣ ಅನ್ನೋ ಸಂಕಟ ಶುರುವಾಯ್ತೋ, ಮುಂದೆ ಏನು ಕೊಳ್ಳಬೇಕು ಅಂತ ತೀರ್ಮಾನ ಮಾಡೋದು ಟಂಕಸಾಲೆ, ನೀವಲ್ಲ. ವೈಷ್ಣೋದೇವಿ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಅನ್ನೋ ವೀಡಿಯೋಗಳ ಬಗ್ಗೆ ಮಾತೇ ಬೇಡ. ರಿಸರ್ವ್ ಬ್ಯಾಂಕ್ ಹೆಸರು ಹೇಳ್ಕೊಂಡು ಹಳೇ ನಾಣ್ಯ ಕೊಳ್ತೀವಿ ಅಂತ ಕಮಿಷನ್ ಕೇಳೋರನ್ನ ನಂಬಬೇಡಿ ಅಂತ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತು.

ಮಾಡಬೇಕಾದ್ದು ಸಣ್ಣ ಕೆಲಸ. ಫೋನಲ್ಲಿ ಒಂದು ಪಟ್ಟಿ ಇರಲಿ: ನನ್ನ ಹತ್ರ ಇರೋ ಟಂಕಸಾಲೆ ಇಷ್ಟು, ಇಸವಿ ಇಷ್ಟು, ಬೇಕಾದ್ದು ಇಷ್ಟು. ಅದರಲ್ಲಿ ಇಲ್ಲದ್ದು ಎಷ್ಟೇ ಅಗ್ಗಕ್ಕೆ ಬಂದ್ರೂ ಒಂದು ರಾತ್ರಿ ಕಳೀಲಿ. ನಿಮ್ಮ ಡೀಲರ್‌ಗೂ ಹೇಳಿಡಿ, 'ಸ್ವಾಮೀ, ನನಗೆ ಚಿತ್ರದುರ್ಗದ ಆನೆ ಸಿಕ್ಕರೆ ಮಾತ್ರ ಫೋನ್ ಮಾಡಿ' ಅಂತ. ಮೊದಮೊದಲು ನಗ್ತಾರೆ. ಆದ್ರೆ ಅಂಥದ್ದು ಬಂದ ದಿನ ಅವರಿಗೆ ನೆನಪಾಗೋದು ನೀವೇ. ಏನು ಸಿಕ್ಕರೂ ಕೊಳ್ಳೋ ಗಿರಾಕಿಗೆ ಮಿಕ್ಕಿದ್ದನ್ನ ತೋರಿಸ್ತಾರೆ, ಒಳ್ಳೇದನ್ನಲ್ಲ.

'ಹಾಗಾದ್ರೆ ಹುಡುಕಾಟದ ಮಜಾನೇ ಹೋಯ್ತಲ್ಲ ಸಾರ್' ಅಂತೀರಾ? ಆ ಚಪಲಕ್ಕೆ ಕಿರಾಣಿ ಅಂಗಡಿ ಚಿಲ್ಲರೆ ಇದೆ. ಹತ್ತು ರೂಪಾಯಿ ನಾಣ್ಯದಲ್ಲೇ 2018ರ ಹೊತ್ತಿಗೆ ಹದಿನಾಲ್ಕು ವಿನ್ಯಾಸ ಇತ್ತು, ಎಲ್ಲವೂ ಚಲಾವಣೆಗೆ ಯೋಗ್ಯ ಅಂತ ರಿಸರ್ವ್ ಬ್ಯಾಂಕ್ ಆಗ ಹೇಳಿತ್ತು. ಇಸವಿ ಕೆಳಗೆ ಕಣ್ಣು ಹಾಯಿಸಿ: ವಜ್ರದ ಆಕಾರ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ರೆ ಕೋಲ್ಕತ್ತ. ಬೇಡ ಅನ್ನಿಸಿದ್ರೆ ಮಾರನೇ ದಿನ ಕಾಫಿಗೆ ಕೊಟ್ಟುಬಿಡಿ, ಮುಖಬೆಲೆಗೇ ಹೋಗುತ್ತೆ. ಹೋಟೆಲಿನವರು 'ಹತ್ತರ ಕಾಯಿನ್ ಬೇಡ' ಅಂತ ಮುಖ ಸಿಂಡರಿಸಿದ್ರೆ ಮಾತ್ರ ನನ್ನ ಕೇಳಬೇಡಿ.