ಪಾಂಟೆಲ್ಲೇರಿಯಾದಲ್ಲಿ ಅಕ್ಟೋಬರ್: ಮೊದಲ ಮಳೆ ತೊಟ್ಟಿಗೆ ಬೇಡ

ಕೇಳಿಸ್ತಿದೆಯಾ? ಮೈಕ್ ಕೆಟ್ಟಿಲ್ಲ, ಅದು ಗಾಳಿ. ಮೈಕಿಗೆ ತುಪ್ಪಳದ ಟೋಪಿ ಹಾಕಿದ ಮೇಲೂ ಇಷ್ಟು. ಎಲ್ಲಿದ್ದೀವಿ ಅಂತ ಭೂಪಟದಲ್ಲಿ ಹುಡುಕೋರು ಸಿಸಿಲಿಯಿಂದ ಕೆಳಕ್ಕೆ, ಟುನೀಸಿಯಾ ಕಡೆ ಬನ್ನಿ. ಇಟಲಿಯದೇ ದ್ವೀಪ, ಆದ್ರೆ ಆಫ್ರಿಕಾದ ದಡ ಇಲ್ಲಿಂದ ಸುಮಾರು 70 ಕಿಲೋಮೀಟರ್, ಸಿಸಿಲಿ 100 ಕಿಲೋಮೀಟರ್. 83 ಚದರ ಕಿಲೋಮೀಟರ್ ಕಪ್ಪು ಜ್ವಾಲಾಮುಖಿ ಕಲ್ಲು, ನಡುವೆ 836 ಮೀಟರ್ ಎತ್ತರದ ಬೆಟ್ಟ. ಹೊಳೆ ಇಲ್ಲ, ಹಳ್ಳ ಇಲ್ಲ. ಕೆರೆ ಒಂದಿದೆ, ಸ್ಪೆಕ್ಕಿಯೊ ದಿ ವೇನೆರೆ ಅಂತ, ನೀಲಿ ಬಣ್ಣ ನೋಡಿ ಮೋಸ ಹೋಗಬೇಡಿ, ಅದು ಕ್ಷಾರದ ನೀರು, ಅಂಚಲ್ಲಿ ಬಿಸಿನೀರ ಬುಗ್ಗೆ, ಮೈಗೆ ಕೆಸರು ಹಚ್ಚಿಕೊಳ್ಳೋಕೆ ಚೆನ್ನ, ಕುಡಿಯೋಕಲ್ಲ.

ಹಾಗಾಗಿ ಇಲ್ಲಿ ಶರತ್ಕಾಲ ಅಂದ್ರೆ ಮೊದಲು ಮೇಲ್ಛಾವಣಿ. ಏಣಿ ಹತ್ತಿ, ತೋರಿಸ್ತೀನಿ.

ಇದು ದಮ್ಮೂಸೊ ಮನೆ. ಗೋಡೆ ಲಾವಾ ಕಲ್ಲಿಂದು, ಮುಕ್ಕಾಲು ಮೀಟರಿಗೆ ಕಮ್ಮಿ ದಪ್ಪ ಇರೋದು ಅಪರೂಪ. ಮೇಲೆ ಈ ಬಿಳಿ ಗುಮ್ಮಟಗಳು, ಇಡ್ಲಿ ತಟ್ಟೆ ಮಗುಚಿದ ಹಾಗೆ. ಚೆಂದಕ್ಕೆ ಅಂತ ಪ್ರವಾಸಿಗರು ಫೋಟೋ ತೆಗೀತಾರೆ. ಇದು ನೀರು ಹಿಡಿಯೋ ಯಂತ್ರ. ಗುಮ್ಮಟದ ಮೇಲೆ ಬಿದ್ದ ಹನಿ ಎಲ್ಲೂ ನಿಲ್ಲದೆ ಜಾರುತ್ತೆ, ಸುತ್ತಲಿನ ಈ ತಗ್ಗು ಕಾಲುವೆಗೆ ಬರುತ್ತೆ, ಕಾಲುವೆಯ ಮೂಲೆಯಿಂದ ಕೊಳವೆಗೆ, ಅಲ್ಲಿಂದ ಅಂಗಳದ ಅಡಿಯ ತೊಟ್ಟಿಗೆ. ಮೇಲಿನ ಪದರ ಹಳೇ ಕಾಲದಲ್ಲಿ ಜ್ವಾಲಾಮುಖಿ ಮಣ್ಣು ಮತ್ತು ಸುಣ್ಣ ಕಲಸಿ, ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿದು ಮಾಡ್ತಿದ್ದರು. ನಮ್ಮ ಕಡೆ ಮದ್ರಾಸ್ ತಾರಸಿಗೆ ಸಾಲಾಗಿ ಕೂತು ಬಡೀತಿದ್ದರಲ್ಲ, ಅದೇ ಲೆಕ್ಕ: ಬಡಿದಷ್ಟೂ ಬಿರುಕು ಕಮ್ಮಿ.

ಈಗ ಬೇಜಾರಿನ ವಿಷಯ. ಈ ಬಕೆಟ್ ನೋಡಿ. ಹತ್ತಿರ ತರ್ತೀನಿ. ಚಹಾ ಅಲ್ಲ, ತೊಟ್ಟಿಯ ನೀರು.

ಮೂರು ದಿನದಿಂದ ಸಿರೊಕ್ಕೊ ಬೀಸ್ತಿತ್ತು, ಆಗ್ನೇಯದ ಬೆಚ್ಚನೆ ಗಾಳಿ. ಅದು ಸಹಾರಾದ ಧೂಳನ್ನು ಹೊತ್ತು ತರುತ್ತೆ, ಮಳೆ ಜೊತೆಗೆ ಬಂದ್ರೆ ಆಕಾಶದಿಂದಲೇ ಕೆಮ್ಮಣ್ಣು ಸುರಿದ ಹಾಗೆ. ಕಾರು, ಎಲೆ, ಒಣಗಿಸಿದ ಬಟ್ಟೆ, ಎಲ್ಲ ಕೆಂಪು. ಅದರ ಮೇಲೆ ಛಾವಣಿಯಲ್ಲಿ ಜೂನ್‌ನಿಂದ ಕೂತ ಕಸ ಬೇರೆ: ಹಕ್ಕಿ ಹಿಕ್ಕೆ, ಪೈನ್ ಮರದ ಸೂಜಿ ಎಲೆ, ಸಮುದ್ರದ ಉಪ್ಪು. ಅದಕ್ಕೇ ಬೇಸಿಗೆ ಪೂರ್ತಿ ಈ ಮೊಣಕೈ ಪೈಪ್ ತೋಟದ ಕಡೆ ತಿರುಗಿರಬೇಕು. ಮೊದಲ ಮಳೆ ಛಾವಣಿ ತೊಳೆದು ತೋಟಕ್ಕೆ ಹೋಗಬೇಕು, ಎರಡನೆಯದು ತೊಟ್ಟಿಗೆ. ನಿನ್ನೆ ರಾತ್ರಿ ಅದು ತೊಟ್ಟಿ ಕಡೆಗೇ ತಿರುಗಿತ್ತು. ಮಳೆ ಬಂದಿದ್ದು ಬೆಳಗಿನ ಜಾವ. ಒಂದು ಮೊಣಕೈ ಪೈಪ್, ಅರ್ಧ ಸುತ್ತು!

ಎಷ್ಟು ಹಾಳಾಯ್ತು ಅಂತ ಲೆಕ್ಕ ಹಾಕೋಣ, ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಈ ಛಾವಣಿ 70 ಚದರ ಮೀಟರ್. ಬಿದ್ದದ್ದು 6 ಮಿಲಿಮೀಟರ್. ಅಂದ್ರೆ 420 ಲೀಟರ್. ಒಣ ಸುಣ್ಣ ಹೀರಿಕೊಂಡಿದ್ದು, ಚಿಮ್ಮಿ ಹೋಗಿದ್ದು ಕಳೆದ್ರೆ 350. ತೊಟ್ಟಿಯಲ್ಲಿ ಬೇಸಿಗೆ ಕಳೆದು ಉಳಿದಿದ್ದ 2,000 ಲೀಟರ್ ಒಳ್ಳೆ ನೀರಿಗೆ ಆ 350 ಲೀಟರ್ ಕೆಸರು ಕೂಡಿಕೊಂಡಿದೆ.

ಇಲ್ಲಿ ಎಲ್ಲರೂ ಮಾಡೋ ತಪ್ಪು: ಕೂಡಲೇ ಪಂಪ್ ಹಾಕೋದು, ಇಲ್ಲಾ ಕೂಡಲೇ ಕ್ಲೋರಿನ್ ಸುರಿಯೋದು. ಎರಡೂ ಬೇಡ. ಪಂಪ್ ಹಾಕಿದ್ರೆ ತಳದ ಹೂಳೆಲ್ಲ ಎದ್ದು ನಿಲ್ಲುತ್ತೆ. ಕೆಸರು ನೀರಿಗೆ ಹಾಕಿದ ಕ್ಲೋರಿನ್ ಕೆಸರಿನ ಜೊತೆಗೇ ಖರ್ಚಾಗಿ ಹೋಗುತ್ತೆ, ಕ್ರಿಮಿಗೆ ಉಳಿಯಲ್ಲ. ಮುಚ್ಚಳ ಹಾಕಿ, ಮೂರು ನಾಲ್ಕು ದಿನ ಮುಟ್ಟಬೇಡಿ. ಮಣ್ಣು ತಾನೇ ಕೂರುತ್ತೆ. ಆಮೇಲೆ ಕೆಸರು ಎಳೆಯೋ ಪಂಪಿನ ಪೈಪ್ ತುದಿಯನ್ನು ಕೋಲಿಗೆ ಕಟ್ಟಿ, ತಳ ಮುಟ್ಟಿಸಿ, ನೆಲ ಸಾರಿಸಿದಷ್ಟು ನಿಧಾನವಾಗಿ ಆಡಿಸಬೇಕು. ಮುನ್ನೂರು ಲೀಟರ್ ಹೋಗುತ್ತೆ, ಹೋಗಲಿ, ಆಲಿವ್ ಬುಡಕ್ಕೆ ಬಿಡಿ. ಮನೆಗೆ ನೀರು ಎತ್ತೋ ಪಂಪಿನ ಬಾಯಿ ಯಾವತ್ತೂ ತಳದಲ್ಲಿ ಬೇಡ. ಒಂದು ತೇಲೋ ಚೆಂಡಿಗೆ ಕಟ್ಟಿ, ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗೆ ತೂಗಾಡೋ ಹಾಗೆ ಬಿಡಿ. ಅತ್ಯಂತ ಶುದ್ಧ ನೀರು ಇರೋದು ಅಲ್ಲೇ.

ಮತ್ತೆ, ಒಳಗೆ ಇಳೀತೀನಿ ಅಂತ ಯಾರೂ ಹೊರಡಬೇಡಿ. ಮುಚ್ಚಿದ ತೊಟ್ಟಿಯಲ್ಲಿ ಆಮ್ಲಜನಕ ಕಮ್ಮಿ ಇರಬಹುದು, ತಲೆ ಸುತ್ತು ಬರೋ ಮುಂಚೆ ಗೊತ್ತೇ ಆಗಲ್ಲ. ದೀಪ ಇಳಿಸಿ ನೋಡೋ ಹಳೇ ಉಪಾಯ ಸಾಲದು, ದೀಪ ಉರೀತಿದ್ರೂ ಗಾಳಿ ಕೆಟ್ಟಿರಬಹುದು. ಇದನ್ನ ಗಟ್ಟಿಯಾಗಿ ಹೇಳ್ತಿದ್ದೀನಿ.

ನೀರು ತಿಳಿಯಾದ ಮೇಲೆ ಕ್ಲೋರಿನ್. ಸುವಾಸನೆ ಇಲ್ಲದ, ಶೇಕಡಾ 5ರ ಬ್ಲೀಚ್ ಮಾತ್ರ. 1,000 ಲೀಟರಿಗೆ 40 ಮಿಲಿಲೀಟರ್ ಹಾಕಿದ್ರೆ ಲೀಟರಿಗೆ 2 ಮಿಲಿಗ್ರಾಂ ಬರುತ್ತೆ. ಹೊಸದಾಗಿ ಸುಣ್ಣ ಬಳಿದ ಛಾವಣಿಯ ನೀರಾದ್ರೆ ಜಾಸ್ತಿ ಹೊತ್ತು ಕಾಯಿರಿ, ಕ್ಷಾರ ಹೆಚ್ಚಿದ ನೀರಲ್ಲಿ ಕ್ಲೋರಿನ್ ಮಂದವಾಗಿ ಕೆಲಸ ಮಾಡುತ್ತೆ. ಅರ್ಧ ಗಂಟೆ ಅಂತ ಪುಸ್ತಕ ಹೇಳುತ್ತೆ, ನನ್ನ ಪ್ರಕಾರ ಒಂದು ರಾತ್ರಿ ಬಿಡಿ.

ಸುಣ್ಣದ ಮಾತು ಬಂತು. ಪ್ರತಿ ವರ್ಷ ಸುಣ್ಣ ಬಳಿಯೋದು ದಂಡ, ಒಂದು ಸಲ ಅಕ್ರಿಲಿಕ್ ವಾಟರ್‌ಪ್ರೂಫ್ ಬಳಿದ್ರೆ ಮುಗೀತು ಅಂತ ಹೇಳೋಣ ಅಂತಲೇ ಏಣಿ ಹತ್ತಿದ್ದು. ಈ ಮೂಲೆ ನೋಡಿ... ಇಲ್ಲಿ ಅಕ್ರಿಲಿಕ್ಕೇ ಬಳಿದಿರೋದು. ದೋಸೆ ಏಳೋ ಹಾಗೆ ಎದ್ದಿದೆ. ಒಳಗಿನ ತೇವ ಹೊರಗೆ ಬರೋಕೆ ದಾರಿ ಇಲ್ಲದೆ ಪೊರೆಯನ್ನೇ ಎತ್ತಿಬಿಟ್ಟಿದೆ, ಆ ಚೂರುಗಳು ನೇರ ತೊಟ್ಟಿಗೆ. ಮಾತು ವಾಪಸ್. ಸುಣ್ಣವೇ ಸರಿ. ಅರಳಿಸಿದ ಸುಣ್ಣ ಒಂದು ಪಾಲು, ನೀರು ಮೂರು ಪಾಲು, ನೀರು ಮಜ್ಜಿಗೆ ಹದ. ಗುಮ್ಮಟ ಒದ್ದೆ ಮಾಡಿ, ಬಿಸಿಲು ಇಳಿದ ಮೇಲೆ, ತೆಳ್ಳಗೆ ಎರಡು ಸಲ. ದಪ್ಪ ಒಂದೇ ಸಲ ಬಳಿದ್ರೆ ಪುಡಿಪುಡಿಯಾಗಿ ಉದುರುತ್ತೆ. ಉಜ್ಜೋಕೆ ತೆಂಗಿನ ನಾರಿನಂಥ ಬ್ರಷ್, ತಂತಿ ಬ್ರಷ್ ಬೇಡವೇ ಬೇಡ.

ತೊಟ್ಟಿ ಒಳಗೆ ಟಾರ್ಚ್ ಬಿಡ್ತೀನಿ. ಗೋಡೆಯ ಬಣ್ಣ ಗುಲಾಬಿ ಕಾಣುತ್ತಲ್ಲ, ಸುಣ್ಣಕ್ಕೆ ಮಡಕೆ ಪುಡಿ ಸೇರಿಸಿದ ಗಾರೆ. ನಮ್ಮ ಸುರ್ಕಿ! ಕನ್ನಂಬಾಡಿ ಕಟ್ಟೆ ನಿಂತಿರೋದು ಇದರ ನೆಂಟನ ಮೇಲೆ. ಈ ದ್ವೀಪದಲ್ಲಿ ಇಂಥ ತೊಟ್ಟಿಗಳು ಈಗಿನ ಟುನೀಸಿಯಾದಲ್ಲಿದ್ದ ಪ್ರಾಚೀನ ನಗರ ಕಾರ್ತೇಜಿನವರ ಕಾಲದಿಂದ ಇವೆ. ಅಲ್ಲಿ ಬೆಟ್ಟದ ಮೇಲೆ ಸಾನ್ ಮಾರ್ಕೊ ಅಂತ ಹಳೇ ಕೋಟೆಯ ಜಾಗ. 2003ರಲ್ಲಿ ಅಲ್ಲಿನ ಹೂಳು ತುಂಬಿದ ತೊಟ್ಟಿಗಳನ್ನು ಅಗೆದಾಗ ಅಮೃತಶಿಲೆಯ ಮೂರು ತಲೆ ಸಿಕ್ಕವು: ಜೂಲಿಯಸ್ ಸೀಸರ್, ಚಕ್ರವರ್ತಿ ಕ್ಲಾಡಿಯಸ್‌ನ ತಾಯಿ ಆಂಟೋನಿಯಾ, ಚಕ್ರವರ್ತಿ ಟೈಟಸ್. ನೂರಾರು ವರ್ಷ ತೊಟ್ಟಿಯಲ್ಲೇ ಇದ್ದೂ ಚೆನ್ನಾಗಿ ಉಳಿದಿವೆ. ಆ ಸೀಸರನ ಕತ್ತಿನ ಸುಕ್ಕು, ಕೂದಲು ಇಳಿದ ಹಣೆ... ಸರಿ, ಬ್ಯಾಟರಿ ಕೆಂಪಾಗ್ತಿದೆ, ತೋಟಕ್ಕೆ ಹೋಗೋಣ.

ಇದು ದ್ರಾಕ್ಷಿ ತೋಟ. ಎಲ್ಲಿದೆ ಬಳ್ಳಿ ಅಂತೀರಾ? ನಿಮ್ಮ ಮೊಣಕಾಲ ಕೆಳಗೆ ನೋಡಿ. ಚಪ್ಪರ ಹಾಕಿದ್ರೆ ಗಾಳಿ ಕಿತ್ತೊಗೆಯುತ್ತೆ. ಅದಕ್ಕೆ ಒಂದೊಂದು ಬಳ್ಳಿಗೂ ಒಂದೊಂದು ತಗ್ಗು, ಅದಕ್ಕೆ ಕೊಂಕಾ ಅಂತಾರೆ. ಬಳ್ಳಿಯನ್ನು ಕುಳ್ಳಗೆ ಸವರಿ, ಆರು ಕೊಂಬೆಗಳನ್ನು ಚಕ್ರದ ಅರೆಗಳ ಹಾಗೆ ಸುತ್ತ ಬಿಡ್ತಾರೆ. ಮಳೆಗಾಲ ಶುರುವಾಗುವಾಗ ತಗ್ಗನ್ನು ಸನಿಕೆಯಲ್ಲಿ ಮತ್ತೆ ತೆರೀತಾರೆ, ಬೇಸಿಗೆಯಲ್ಲಿ ಜಾರಿ ತುಂಬಿಕೊಂಡ ಮಣ್ಣು ತೆಗೆದು, ನೀರು ಬುಡದಲ್ಲೇ ಇಂಗೋ ಹಾಗೆ. ವರ್ಷಕ್ಕೆ 400 ಮಿಲಿಮೀಟರ್ ಆಸುಪಾಸು ಮಳೆ, ಹೆಚ್ಚುಕಮ್ಮಿ ಚಳ್ಳಕೆರೆ ಲೆಕ್ಕ, ಅದೂ ಬಹುಪಾಲು ಈಗಿಂದ ಫೆಬ್ರವರಿ ಒಳಗೆ. ತಪ್ಪಿದ್ರೆ ಮುಗೀತು. ಈ ಬೇಸಾಯದ ಪದ್ಧತಿಯನ್ನು 2014ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಯಂತ್ರ ಇಳಿಯೋಕೆ ಜಾಗವೇ ಇಲ್ಲ, ಎಲ್ಲ ಬೆನ್ನು ಬಗ್ಗಿಸಿಯೇ.

ದ್ರಾಕ್ಷಿಯ ಹೆಸರು ಜಿಬಿಬ್ಬೊ. ಅರಬ್ಬಿಯಲ್ಲಿ ಜಬೀಬ್ ಅಂದ್ರೆ ಒಣದ್ರಾಕ್ಷಿ. ಊರ ಹೆಸರುಗಳೂ ಅರಬ್ಬಿಯೇ: ಖಮ್ಮಾ, ಗದೀರ್, ರೇಖಾಲೆ, ಬುಕ್ಕುರಾಮ್. ಆಗಸ್ಟಿನಲ್ಲಿ ಕೊಯ್ದ ಗೊಂಚಲನ್ನು ಬಿಸಿಲಿಗೆ ಹಾಸಿ ಮೂರು ನಾಲ್ಕು ವಾರ ಒಣಗಿಸ್ತಾರೆ, ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಸೆಪ್ಟೆಂಬರಿನಲ್ಲಿ ಕೊಯ್ದ ಹಸಿ ಹಣ್ಣನ್ನು ಹಿಂಡಿ, ಆ ರಸ ಹುದುಗುವಾಗ ಒಣದ್ರಾಕ್ಷಿಯನ್ನು ಕಂತುಕಂತಾಗಿ ಸೇರಿಸ್ತಾರೆ. ಪೂರ್ತಿ ಒಂದೇ ಸಲ ಸುರಿದ್ರೆ ಸಕ್ಕರೆ ಹೆಚ್ಚಾಗಿ ಯೀಸ್ಟ್ ಸುಸ್ತಾಗಿ ನಿಂತುಬಿಡುತ್ತೆ. ಅದು ಪಾಸ್ಸಿತೊ ವೈನ್. ಈ ತಿಂಗಳು ಸಂಜೆ ಹೊತ್ತು ನೆಲಮಾಳಿಗೆಗಳ ಪಕ್ಕ ನಡೆದ್ರೆ ಏಪ್ರಿಕಾಟ್ ಹಣ್ಣಿನ ಜ್ಯಾಮ್ ಕುದೀತಿರೋ ವಾಸನೆ.

ಆ ದುಂಡನೆ ಕಲ್ಲಿನ ಗೋಪುರ ಕಾಣ್ತಿದೆಯಾ, ಛಾವಣಿ ಇಲ್ಲದ್ದು? ಒಳಗೆ ಇರೋದು ಒಂದು ಕಿತ್ತಳೆ ಮರ. ಒಂದೇ ಮರಕ್ಕೆ ಅಷ್ಟು ಗೋಡೆ! ಕೆಲವು ನಾಲ್ಕು ಮೀಟರ್ ಎತ್ತರ. ಗಾರೆ ಹಾಕದೆ ಜೋಡಿಸಿದ ಕಲ್ಲು ರಾತ್ರಿ ತಣ್ಣಗಾಗಿ ಇಬ್ಬನಿ ಹಿಡಿಯುತ್ತೆ, ಅದು ಇಳಿದು ಬೇರಿಗೆ ಹೋಗುತ್ತೆ. ಈ ದ್ವೀಪದಲ್ಲಿ ನನಗೆ ಅತ್ಯಂತ ಗೌರವ ಇರೋದು ಈ ಗೋಪುರಗಳ ಮೇಲೆ. ಆಲಿವ್ ಮರಗಳಿಗೆ ಆ ಭಾಗ್ಯ ಇಲ್ಲ. ಅವನ್ನು ನೆಲಕ್ಕೆ ಬಗ್ಗಿಸಿ, ಕೊಂಬೆಗೆ ಕಲ್ಲು ಕಟ್ಟಿ, ಕುಳ್ಳಗೆ ಬೆಳೆಸ್ತಾರೆ. ಕೊಯ್ಲಿಗೆ ಏಣಿ ಬೇಡ, ಮಂಡಿಯೂರಬೇಕು.

ಅಡುಗೆಮನೆ, ಬೇಗ. ಇವತ್ತು ಸಾಲಡ್: ಆಲೂಗಡ್ಡೆ, ಟೊಮೆಟೊ, ಈರುಳ್ಳಿ, ಓರೆಗಾನೊ, ಎಣ್ಣೆ, ಕ್ಯಾಪರ್ ಮೊಗ್ಗು. ಕೈ ನೋಡ್ತಾ ಇರಿ, ನಾನು ಕ್ಯಾಪರ್ ಬಗ್ಗೆ ಹೇಳ್ತೀನಿ. ಇದು ಹೂವಾಗೋ ಮುಂಚೆ ಕಿತ್ತ ಮೊಗ್ಗು, ಹಸಿಯಾಗಿ ತಿಂದ್ರೆ ಬರೀ ಕಹಿ. 10 ಕಿಲೋ ಮೊಗ್ಗಿಗೆ 4 ಕಿಲೋ ಕಲ್ಲುಪ್ಪು, ದಿನಾ ಕೈಯಾಡಿಸಿ ಹತ್ತು ದಿನ. ಬಿಟ್ಟುಕೊಂಡ ನೀರು ಚೆಲ್ಲಿ, ಮತ್ತೆ 2ರಿಂದ 2.5 ಕಿಲೋ ಉಪ್ಪು, ಮತ್ತೆ ಹತ್ತು ದಿನ. ಅಪ್ಪೆಮಿಡಿ ಉಪ್ಪಿಗೆ ಹಾಕಿ ಸುಕ್ಕಿಸೋ ಕೈಗೆ ಇದು ಹೊಸ ವಿದ್ಯೆ ಅಲ್ಲ. ವಿನೆಗರಿನ ಬಾಟಲಿಯದು ಕೊಳ್ಳಬೇಡಿ, ಅದರಲ್ಲಿ ಹುಳಿ ಬಿಟ್ರೆ ಏನೂ ಉಳಿದಿರಲ್ಲ. ಉಪ್ಪಿನದನ್ನ ತಂದು, ಅರ್ಧ ಗಂಟೆ ನೀರಲ್ಲಿ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ. ಸಾಲಡ್ಡಿಗೆ ಬೇರೆ ಉಪ್ಪು ಬೇಡ.

ತರಕಾರಿ ಇಷ್ಟೇನಾ ಅಂದ್ರೆ, ಹೌದು, ಇವತ್ತು ಇಷ್ಟೇ, ಮಿಕ್ಕಿದ್ದು ಹಡಗಲ್ಲಿ ಬರಬೇಕು. ಈಗ ಗಾಳಿ ವಾಯವ್ಯಕ್ಕೆ ತಿರುಗಿದೆ, ಮಾಯೆಸ್ತ್ರಾಲೆ. ಮುಖ್ಯ ಬಂದರು ವಾಯವ್ಯಕ್ಕೇ ಮುಖ ಮಾಡಿರೋದು. ಗಾಳಿ ಜೋರಾದ್ರೆ ಸಿಸಿಲಿಯ ತ್ರಾಪಾನಿಯಿಂದ ಬರೋ ಹಡಗು ದ್ವೀಪ ಸುತ್ತಿ ನೈಋತ್ಯದ ಸ್ಕೌರಿ ಬಂದರಿಗೆ ಹೋಗುತ್ತೆ, ಇಲ್ಲಾ ಹೊರಡೋದೇ ಇಲ್ಲ. ಅಕ್ಟೋಬರಿನಿಂದ ಆಚೆ ಬರೋರು ವಾಪಸಾತಿಗೆ ಎರಡು ದಿನ ಸಡಿಲ ಇಟ್ಟುಕೊಳ್ಳಿ. ಹಡಗು ಇಳಿದ ದಿನವೇ ಬೇರೆ ಊರಿಂದ ವಿಮಾನ ಬುಕ್ ಮಾಡೋದು ಶುದ್ಧ ತಪ್ಪು. ಹಿಟ್ಟು, ಬೇಳೆ, ಗ್ಯಾಸ್ ಒಂದು ವಾರಕ್ಕೆ ಮುಂದೆ ಇರಲಿ.

ತಡೀರಿ, ಹನಿ. ಕ್ಯಾಮೆರಾ ಎತ್ಕೊಂಡು ಮೇಲೆ ಹೋಗೋಣ. ಈ ಸಲ ಮೊಣಕೈ ತೋಟದ ಕಡೆಗೇ ಇದೆ, ನೋಡಿ, ನೀವೇ ಸಾಕ್ಷಿ. ಮೊದಲ ಲೋಟ... ಇನ್ನೂ ಕೆಂಪು. 70 ಚದರ ಮೀಟರಿಗೆ ಕಮ್ಮಿ ಅಂದ್ರೂ 2 ಮಿಲಿಮೀಟರ್, 140 ಲೀಟರ್ ಹೊರಗೆ ಹೋಗಲಿ. ಲೋಟವನ್ನ ಬಿಳಿ ಗುಮ್ಮಟದ ಎದುರು ಹಿಡಿದು ನೋಡಿ, ಬಣ್ಣ ಅಲ್ಲೇ ಗೊತ್ತಾಗೋದು. ಎರಡನೇ ಲೋಟ, ಹಳದಿ. ಕಾಯೋಣ. ಮೂರನೇದು... ಅಂಚಲ್ಲಿ ಒಂಚೂರು ಮಬ್ಬು. ನಾಲ್ಕು. ತಿಳಿ. ಪೂರ್ತಿ ತಿಳಿ! ಆದ್ರೂ ಈ ನೀರು ತೊಟ್ಟಿಗೆ ಬೇಡ, ಕೆಳಗಿನ ಕೆಸರು ಇನ್ನೂ ಕೂರಬೇಕು, ಮೇಲಿಂದ ಬಿದ್ರೆ ಕಲಕಿಬಿಡುತ್ತೆ. ಆ ನೀಲಿ ಡ್ರಮ್ಮು, 200 ಲೀಟರಿಂದು, ಪೈಪಿನ ಕೆಳಗೆ ಎಳೀತೀನಿ. ಕ್ಯಾಮೆರಾ ಒಂದು ನಿಮಿಷ ಗೋಡೆ ಮೇಲೆ ಇಡ್ತೀನಿ, ಡ್ರಮ್ಮಿಗೆ ಎರಡೂ ಕೈ ಬೇಕು.